ಕೂಡಿದ ಮನೆಯ ಲೆಕ್ಕ ಬರೆದಿಡಬೇಕು

ಹುಬ್ಬಳ್ಳಿಯ ಕಮರಿಪೇಟೆಯ ಮನೆಗೆ ನಾವು ತಂದ ಕಾಗದಗಳ ಗಂಟಿನಲ್ಲಿ ಎರಡು ಗ್ಯಾಸ್ ಪುಸ್ತಕ, ಎರಡು ರೇಷನ್ ಕಾರ್ಡು, ಎರಡು ಮರಣ ಪ್ರಮಾಣಪತ್ರ ಇದ್ದವು. ಮೊದಲ ಯಜಮಾನರು ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ತವರಿನಲ್ಲಿದ್ದವಳು ನಾನು. ಈಗಿನ ನಮ್ಮನೆಯವರು ಮೊದಲ ಹೆಂಡತಿಯನ್ನು ಕಳೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ತಾಯಿಯ ಆಸರೆಯಲ್ಲಿ ಬೆಳೆಸುತ್ತಿದ್ದವರು. ಅತ್ತೆಯೂ ಸೇರಿ ಈಗ ಆರು ಮಂದಿ. ಹುಡುಗರು ನನ್ನನ್ನು ಚಿಗವ್ವ ಅನ್ನುತ್ತಾರೆ. ನನ್ನ ಮಗಳು ನಮ್ಮನೆಯವರನ್ನು ಕಾಕಾ ಅನ್ನುತ್ತಾಳೆ.

ಬೆಳಗಾದರೆ ಅವರು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿಗೆ ಪಾಳಿಗೆ ಹೊರಡಬೇಕು, ನಾನು ಚಿಗರಿ ಬಸ್ ಹಿಡಿದು ಧಾರವಾಡದ ಕಚೇರಿ ಮುಟ್ಟಬೇಕು. ಅಷ್ಟರೊಳಗೆ ಮೂವರು ಮಕ್ಕಳ ಡಬ್ಬಿ ಆಗಬೇಕು, ನಳದ ನೀರು ಬರುವ ದಿನವಾದರೆ ಟಾಕಿ ತುಂಬಬೇಕು. ಈ ಗದ್ದಲದಲ್ಲಿ ಹಣದ ಕಾಗದಪತ್ರವನ್ನು ‘ಆಮ್ಯಾಲ ನೋಡಿದ್ರಾತು’ ಎಂದು ಮುಂದೂಡುವುದು ಬಹಳ ಸುಲಭ. ಆದರೆ ಎರಡು ಸಂಸಾರ ಕೂಡಿದ ಮನೆಯಲ್ಲಿ ಹಾಗೆ ಮುಂದೂಡುವಂತಿಲ್ಲ. ಒಂದೇ ತಂದೆತಾಯಿಯ ಮಕ್ಕಳಿರುವ ಮನೆಯಲ್ಲಿ ಹಿರಿಯರು ಏನೂ ಬರೆಯದೆ ಹೋದರೂ ಕಾನೂನು ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ನಮ್ಮಂಥ ಮನೆಯಲ್ಲಿ ಅದು ಹಾಗಾಗುವುದಿಲ್ಲ. ಇಲ್ಲಿ ಪ್ರೀತಿ ಎಷ್ಟಿದ್ದರೂ ಬರೆದಿಟ್ಟದ್ದು ಮಾತ್ರ ಮಕ್ಕಳ ಕೈ ಸೇರುತ್ತದೆ. ಈ ಮಾತನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಬೇರೆ ಇಡಬೇಕಾದ ಹಣ

ಈ ಮನೆ ಕೊಳ್ಳುವಾಗ ಮುಂಗಡಕ್ಕೆ ಹಣ ಕಡಿಮೆ ಬಿದ್ದಾಗ ಅತ್ತೆ ಒಂದು ದಾರಿ ಹೇಳಿದರು: “ದೊಡ್ಡಾಕಿ ಬಂಗಾರ ಕಪಾಟಿನ್ಯಾಗ ಸುಮ್ನ ಕುಂತೈತಿ. ಒತ್ತಿ ಇಟ್ಟು ರೊಕ್ಕ ತಗೋರಿ, ಬಿಡಿಸಿಕೊಂಡ್ರಾತು.” ಮನೆ ಕೈತಪ್ಪಬಾರದೆಂಬ ಕಾಳಜಿಯಿಂದಲೇ ಅವರು ಹಾಗೆ ಹೇಳಿದ್ದು. ನಾನು, “ಅತ್ತಿ, ಅದು ಹುಡುಗರ ಅವ್ವನ ಬಂಗಾರರಿ. ಹುಡುಗರದೂ ಪಾಲೈತಿ ಅದರಾಗ” ಅಂದೆ. ಬರೀ ಮನಸ್ಸಿನ ಮಾತಲ್ಲ ಅದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ, ಮೃತ್ಯುಪತ್ರ ಬರೆಯದೆ ತೀರಿಕೊಂಡ ಹೆಣ್ಣುಮಗಳ ಸ್ವಂತ ಆಸ್ತಿ ಅವಳ ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಅಂದರೆ ಆ ಬಂಗಾರದಲ್ಲಿ ನಮ್ಮನೆಯವರದು ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಇಬ್ಬರು ಹುಡುಗರದು. ನನ್ನದು ಒಂದು ಗುಂಜಿಯೂ ಇಲ್ಲ.

ಸರಾಫರ ಅಂಗಡಿಯಲ್ಲಿ ಒಂದೊಂದು ಒಡವೆಯನ್ನೂ ತೂಗಿಸಿ, ಪಟ್ಟಿ ಮಾಡಿ, ಫೋಟೊ ತೆಗೆದು ಲಾಕರಿನಲ್ಲಿ ಇಟ್ಟೆವು. ಪಟ್ಟಿಗೆ ನಾವಿಬ್ಬರೂ ಸಹಿ ಹಾಕಿ ಒಂದು ಪ್ರತಿಯನ್ನು ಹುಡುಗರ ಸೋದರಮಾವನಿಗೆ ಕೊಟ್ಟೆವು. ಮುಂಗಡಕ್ಕೆ ನನ್ನ ಬಳೆಗಳನ್ನು ಒತ್ತಿ ಇಟ್ಟೆ. ಆ ದಿನದ ಮೇಲೆ ಹುಡುಗರ ತಾಯಿಯ ಕಡೆಯವರು ನಮ್ಮ ಮನೆಗೆ ಬರುವ ರೀತಿಯೇ ಬದಲಾಯಿತು. ಅವರ ಮನಸ್ಸಿನಲ್ಲಿದ್ದು ಬಾಯಿಗೆ ಬರದ ಪ್ರಶ್ನೆಗೆ ಆ ಪಟ್ಟಿಯೇ ಉತ್ತರವಾಗಿತ್ತು.

ನನ್ನ ಮಗಳ ಪಾಲಿಗೂ ಇದೇ ನಿಯಮ. ಅವಳ ಅಪ್ಪ ಖಾಸಗಿ ಕಂಪನಿಯಲ್ಲಿದ್ದರು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವೆಗೆ ಬರುವ ಪಿಂಚಣಿ ಅವಳು ಮರುಮದುವೆಯಾದ ದಿನಕ್ಕೆ ನಿಲ್ಲುತ್ತದೆ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಅದರ ಮುಂದಿನ ಮಾತು. ಅಲ್ಲಿಯವರೆಗೆ ವಿಧವಾ ಪಿಂಚಣಿಯ ಶೇ 25ರಷ್ಟಿದ್ದ ಮಗುವಿನ ಪಿಂಚಣಿ, ತಾಯಿಯದು ನಿಂತ ಮೇಲೆ ಶೇ 75ಕ್ಕೆ ಏರುತ್ತದೆ. ಕನಿಷ್ಠ ಲೆಕ್ಕದಲ್ಲಿ ತಿಂಗಳಿಗೆ 250 ರೂಪಾಯಿ ಇದ್ದದ್ದು 750 ಆಗುತ್ತದೆ, ಮಗುವಿಗೆ 25 ವರ್ಷ ತುಂಬುವವರೆಗೆ ಬರುತ್ತದೆ. ಮದುವೆಯನ್ನು ಮುಚ್ಚಿಟ್ಟು ಪಿಂಚಣಿ ಪಡೆಯುವ ಬದಲು ಭವಿಷ್ಯ ನಿಧಿ ಕಚೇರಿಗೆ ಮದುವೆಯ ಪತ್ರ ಕೊಟ್ಟು ಮಗುವಿನ ಹಕ್ಕು ಕೇಳುವುದು ನ್ಯಾಯ, ಲಾಭವೂ ಹೌದು. ಆ ಹಣ ನೇರ ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗುತ್ತದೆ. ಖಾತೆ ತೆರೆದದ್ದು ಅವಳ ಅಪ್ಪನೇ. ಅವರ ನಂತರ ಪಾಲಕಳಾಗಿ ನನ್ನ ಹೆಸರು ಬಂತು. ಅಪ್ಪನ ವಿಮೆಯ ಹಣದಲ್ಲಿ ಅರ್ಧವೂ ಅವಳ ಹೆಸರಿನ ಠೇವಣಿಯಲ್ಲಿದೆ. ಮನೆಗೆ ಹಾಕಿದ್ದು ನನ್ನ ಪಾಲಿನ ಅರ್ಧ ಮಾತ್ರ.

ಯಾರು ಮೊದಲು ಹೋದರು ಎಂಬುದರ ಮೇಲೆ

ಮನೆಯ ಕ್ರಯಪತ್ರ ನಮ್ಮಿಬ್ಬರ ಹೆಸರಿನಲ್ಲಿದೆ. ಲೆಕ್ಕ ತಿಳಿಯಾಗಲೆಂದು ಇಂಥ ಒಂದು ಮನೆಯ ಬೆಲೆ 40 ಲಕ್ಷ, ಗಂಡಹೆಂಡಿರದು ಅರ್ಧರ್ಧ, ಸಾಲವೆಲ್ಲ ತೀರಿದೆ, ಯಾರೂ ಮೃತ್ಯುಪತ್ರ ಬರೆದಿಲ್ಲ ಎಂದು ಇಟ್ಟುಕೊಳ್ಳಿ.

ಗಂಡ ಮೊದಲು ತೀರಿಕೊಂಡರೆ ಅವರ 20 ಲಕ್ಷ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ತಾಯಿಗೆ ತಲಾ 5 ಲಕ್ಷದಂತೆ ಹಂಚಿಕೆಯಾಗುತ್ತದೆ. ಹೆಂಡತಿಯ ಪಾಲು 25 ಲಕ್ಷವಾಯಿತು. ಆಮೇಲೆ ಅವಳೂ ತೀರಿಕೊಂಡರೆ ಆ 25 ಲಕ್ಷವೂ ಅವಳು ಹೆತ್ತ ಮಗಳೊಬ್ಬಳಿಗೇ. ಹುಡುಗರ ಕೈಯಲ್ಲಿ ಉಳಿಯುವುದು ಐದೈದು ಲಕ್ಷ.

ಹೆಂಡತಿ ಮೊದಲು ತೀರಿಕೊಂಡರೆ ಅವಳ 20 ಲಕ್ಷದಲ್ಲಿ ಮಗಳಿಗೆ 10, ಗಂಡನಿಗೆ 10. ಗಂಡನದು 30 ಲಕ್ಷವಾಯಿತು. ಆಮೇಲೆ ಅವರೂ ಹೋದರೆ ಇಬ್ಬರು ಹುಡುಗರಿಗೆ, ಅಜ್ಜಿಗೆ ಹತ್ತತ್ತು ಲಕ್ಷ. ಹುಡುಗಿಗೆ ಮೊದಲು ಬಂದ 10 ಲಕ್ಷವೇ ಕೊನೆ. ಕಾಕಾ ಎಂದು ಬೆನ್ನ ಹಿಂದೆ ಓಡಾಡಿದ ಅವಳಿಗೆ ಅವರ ಪಾಲಿನಲ್ಲಿ ಒಂದು ರೂಪಾಯಿಯೂ ಇಲ್ಲ.

ಮನೆ ಅದೇ, ಮಕ್ಕಳು ಅವರೇ. ಸಾವಿನ ಸರದಿ ಬದಲಾದರೆ ಹುಡುಗಿಯ ಪಾಲು 25 ಲಕ್ಷದಿಂದ 10ಕ್ಕೆ ಇಳಿಯುತ್ತದೆ, ಹುಡುಗರದು 5ರಿಂದ 10ಕ್ಕೆ ಏರುತ್ತದೆ. ಕೂಡಿ ಬೆಳೆದ ಮಕ್ಕಳ ನಡುವೆ ಕೋರ್ಟು ಕಚೇರಿಯ ಜಗಳ ಹುಟ್ಟಲು ಇಷ್ಟು ಸಾಕು. ಆ ಜಗಳಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ.

ಕಾನೂನು ನಮ್ಮ ಸಂಬಂಧವನ್ನು ಎಲ್ಲ ಕಡೆ ಒಂದೇ ಕಣ್ಣಿನಿಂದ ನೋಡುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ‘ಮಗು’ ಎಂದರೆ ಮಲಮಗುವೂ ಸೇರುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಮಲತಾಯಿ, ಮಲತಂದೆಯರನ್ನೂ ತಂದೆತಾಯಿಯರೆಂದೇ ಎಣಿಸುತ್ತದೆ. ಉತ್ತರಾಧಿಕಾರದಲ್ಲಿ ಮಾತ್ರ ಬಾಗಿಲು ಮುಚ್ಚುತ್ತದೆ. ಲಛ್‌ಮನ್ ಸಿಂಗ್ ಮತ್ತು ಕಿರ್ಪಾ ಸಿಂಗ್ ಪ್ರಕರಣದಲ್ಲಿ 1987ರಲ್ಲೇ ಸುಪ್ರೀಂ ಕೋರ್ಟ್, ಹೆಣ್ಣುಮಗಳ ಆಸ್ತಿಗೆ ಮೊದಲ ಸಾಲಿನ ವಾರಸುದಾರನಾದ ‘ಮಗ’ ಎಂಬುದರಲ್ಲಿ ಗಂಡನ ಮೊದಲ ಹೆಂಡತಿಯ ಮಗ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅವನು ಬರುವುದಿದ್ದರೆ ಗಂಡನ ವಾರಸುದಾರರ ಸಾಲಿನಲ್ಲಿ, ಅವಳ ಸ್ವಂತ ಮಕ್ಕಳು ಯಾರೂ ಇಲ್ಲದಾಗ ಮಾತ್ರ.

ಮೃತ್ಯುಪತ್ರ, ಎರಡೂ ಕಡೆಯಿಂದ

ಹಾಗಾಗಿ ನಾವಿಬ್ಬರೂ ಒಂದೇ ದಿನ ಮೃತ್ಯುಪತ್ರ ಬರೆಸಿದೆವು. ಯಾರು ಮೊದಲು ಹೋದರೂ ಉಳಿದವರಿಗೂ ಅತ್ತೆಗೂ ಜೀವವಿರುವ ತನಕ ಈ ಮನೆಯಲ್ಲಿ ವಾಸದ ಹಕ್ಕು. ಆಮೇಲೆ ಮನೆ ಮೂವರು ಮಕ್ಕಳಿಗೆ ಸಮಪಾಲು. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಪಾಲು ಪಡೆಯದವರೇ ಸಾಕ್ಷಿಗಳಾದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ನಮ್ಮಂಥ ಮನೆಯವರು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದಿನ ಅನುಮಾನಗಳು ಕಡಿಮೆ.

ಇಲ್ಲಿ ಎರಡು ಮಾತು ನೆನಪಿಡಿ. ಹಿಂದೂಗಳಲ್ಲಿ ಮದುವೆಯಿಂದ ಹಳೆಯ ಮೃತ್ಯುಪತ್ರ ರದ್ದಾಗುವುದಿಲ್ಲ. ಮೊದಲ ಸಂಸಾರದ ಕಾಲದಲ್ಲಿ ಬರೆದದ್ದು ಇದ್ದರೆ ಅದಿನ್ನೂ ಜೀವಂತವಾಗಿರುತ್ತದೆ, ಹೊಸದು ಬರೆದು ಹಳೆಯದನ್ನು ರದ್ದು ಮಾಡಿದ್ದೇನೆ ಎಂದು ಕಾಣಿಸಬೇಕು. ಕ್ರೈಸ್ತರಲ್ಲಿ ಮದುವೆಯಾದೊಡನೆ ಹಳೆಯದು ಬಿದ್ದುಹೋಗುತ್ತದೆ. ಮುಸ್ಲಿಮರಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನವರೆಗೆ ಮಾತ್ರ ಮೃತ್ಯುಪತ್ರದಿಂದ ಕೊಡಬಹುದು, ಮಲಮಕ್ಕಳಿಗೆ ಆ ಒಂದು ಪಾಲಿನಲ್ಲಿ ಕೊಡುವ ದಾರಿ ಇದೆ. ಎರಡನೆಯದು, ಪಾಲಕತ್ವ. ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯಲ್ಲಿ ‘ತಂದೆ’, ‘ತಾಯಿ’ ಎಂದರೆ ಮಲತಂದೆ, ಮಲತಾಯಿ ಸೇರುವುದಿಲ್ಲ. ಹುಡುಗರ ಬ್ಯಾಂಕ್ ಖಾತೆಗೆ ಪಾಲಕಳೆಂದು ನಾನು ಸಹಿ ಹಾಕಲಾರೆ. ಆದರೆ ಅದೇ ಕಾಯ್ದೆಯ 9ನೇ ಕಲಮು, ತಾನಿಲ್ಲದಾಗ ಮಕ್ಕಳಿಗೆ ಪಾಲಕರು ಯಾರೆಂದು ಮೃತ್ಯುಪತ್ರದಲ್ಲಿ ಬರೆಯುವ ಅಧಿಕಾರವನ್ನು ತಂದೆಗೂ, ವಿಧವೆಯಾದ ತಾಯಿಗೂ ಕೊಟ್ಟಿದೆ. ನಮ್ಮನೆಯವರು ಹುಡುಗರಿಗೆ ನನ್ನ ಹೆಸರು ಬರೆದಿದ್ದಾರೆ.

ದತ್ತಕ ತಗೊಂಡರೆ ಇಷ್ಟೆಲ್ಲ ಬೇಕಿಲ್ಲವಲ್ಲ ಎಂದು ಕೇಳಿದವರಿದ್ದಾರೆ. ದತ್ತಕದಿಂದ ಮಗುವಿಗೆ ಹುಟ್ಟಿದ ಮನೆತನದ ಜೊತೆಗಿನ ಕಾನೂನಿನ ನಂಟು ಕಡಿಯುತ್ತದೆ. ಆಗಲೇ ಕೈಸೇರಿದ ಆಸ್ತಿ ಮಗುವಿನದೇ ಆಗಿ ಉಳಿದರೂ ಮುಂದೆ ಬರುವುದು ತಪ್ಪುತ್ತದೆ. ನನ್ನ ಮಗಳ ಅಪ್ಪನ ಕಡೆಯ ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ, ಮೊಮ್ಮಗಳೆಂದರೆ ಪ್ರಾಣ. ತೀರಿಹೋದ ಮಗನ ಮಗಳಾಗಿ ಅವಳು ಅಜ್ಜನ ಮೊದಲ ವರ್ಗದ ವಾರಸುದಾರಳು. ಆ ನಂಟನ್ನೂ ಹಕ್ಕನ್ನೂ ನಾವು ಕಡಿಯಲು ಒಪ್ಪಲಿಲ್ಲ.

ನಾಮಿನಿ, ಮೀಟರು, ಕ್ರಯಪತ್ರ

ಭವಿಷ್ಯ ನಿಧಿಯ ನಾಮನಿರ್ದೇಶನದಲ್ಲಿ ನಮ್ಮನೆಯವರ ಮೊದಲ ಹೆಂಡತಿಯ ಹೆಸರೇ ಇತ್ತು. ಅದನ್ನು ಹೊಸದಾಗಿ ಸಲ್ಲಿಸಿದೆವು. ಅಲ್ಲಿ ‘ಕುಟುಂಬ’ದ ಪಟ್ಟಿಯಲ್ಲಿ ಹೆಂಡತಿ, ಸ್ವಂತ ಮಕ್ಕಳು, ಅವಲಂಬಿತ ತಂದೆತಾಯಿ ಬರುತ್ತಾರೆ, ಹೆಂಡತಿಯ ಮೊದಲ ಮದುವೆಯ ಮಗಳು ಬರುವುದಿಲ್ಲ. ಆ ಕೊರತೆಯನ್ನು ಬ್ಯಾಂಕ್ ಠೇವಣಿಯಲ್ಲಿ ತುಂಬಿದೆವು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಆದರೆ ಬ್ಯಾಂಕಿನಲ್ಲಿ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಅಷ್ಟೆ, ಒಡೆತನ ವಾರಸುದಾರರದೇ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ. ಹಾಗಾಗಿ ನಾಮಿನಿಯ ಪಟ್ಟಿಯೂ ಮೃತ್ಯುಪತ್ರವೂ ಒಂದೇ ಮಾತು ಹೇಳುವಂತಿರಬೇಕು.

ದಿನದ ಖರ್ಚಿನಲ್ಲೂ ಕೂಡುವುದಕ್ಕೆ ಒಂದು ಬೆಲೆ ಇದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎರಡು ಸಣ್ಣ ಮನೆಗಳಾಗಿದ್ದಾಗ ಎರಡೂ ಮೀಟರು ಮಿತಿಯೊಳಗಿದ್ದವು. ಆರು ಮಂದಿಗೆ ಒಂದೇ ಮೀಟರಾದ ಮೇಲೆ, ಬೇಸಿಗೆಯಲ್ಲಿ ಹೆಸ್ಕಾಂ ಬಿಲ್ಲು ನೋಡಿಯೇ ಖರ್ಚು ಹಿಡಿಯಬೇಕಾಗುತ್ತದೆ. ಒಂದು ಮನೆಗೆ ಒಂದೇ ಗೃಹಬಳಕೆಯ ಗ್ಯಾಸ್ ಸಂಪರ್ಕ. ಇನ್ನೊಂದನ್ನು ಒಪ್ಪಿಸಿ ಠೇವಣಿ ವಾಪಸ್ ಪಡೆದೆವು.

ಮನೆ ಕೊಳ್ಳುವವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಆಮೇಲೆ ಹೆಸರು, ಪಾಲು ತಿದ್ದಲು ಹೊರಟರೆ ಮತ್ತೊಂದು ಪತ್ರ, ಮತ್ತೊಂದು ಖರ್ಚು. ಯಾರ ಪಾಲು ಎಷ್ಟು ಎಂದು ಮೊದಲ ಕ್ರಯಪತ್ರದಲ್ಲೇ ಬರೆಸಿ, ಯಾರ ಖಾತೆಯಿಂದ ಎಷ್ಟು ಹೋಯಿತು ಎಂಬ ಬ್ಯಾಂಕಿನ ದಾಖಲೆ ಜೋಪಾನ ಮಾಡಿ. ದಾಖಲೆಯೂ ಇಲ್ಲ, ಬರಹವೂ ಇಲ್ಲ ಎಂದರೆ ಕಾನೂನು ಪಾಲು ಸಮ ಎಂದೇ ಹಿಡಿಯುತ್ತದೆ.

ಮಕ್ಕಳ ಕಣ್ಣಿಗೆ ಕಾಣುವ ಲೆಕ್ಕ

ನಮ್ಮ ಮೂವರು ಮಕ್ಕಳಿಗೆ ನಾಲ್ಕು ಕಡೆಯ ಬೀಗರು. ಹುಡುಗರ ಸೋದರಮಾವ ಸೈಕಲ್ ತಂದರೆ, ನನ್ನ ಮಗಳ ಸೋದರತ್ತೆ ಕಿವಿಯೋಲೆ ತರುತ್ತಾರೆ. ಅದನ್ನು ತಡೆಯುವುದೂ ಇಲ್ಲ, ಸರಿದೂಗಿಸಲು ಹೋಗುವುದೂ ಇಲ್ಲ. ಅದು ಅವರವರ ಹಕ್ಕಿನ ಪ್ರೀತಿ. ನಮ್ಮಿಬ್ಬರ ಸಂಬಳದಿಂದ ಹೋಗುವ ಹಣ ಮಾತ್ರ ಮೂವರಿಗೂ ಒಂದೇ ನಿಯಮದಲ್ಲಿ ಹೋಗುತ್ತದೆ. ಸಂಬಳಕ್ಕೆ ತಕ್ಕಂತೆ ಇಬ್ಬರೂ ಜಂಟಿ ಖಾತೆಗೆ ಹಾಕುತ್ತೇವೆ. ಸಾಲದ ಕಂತು, ದುರ್ಗದ ಬೈಲಿನ ಸಂತೆ, ಶಾಲೆಯ ಫೀ, ರಂಗಪಂಚಮಿಯ ಬಣ್ಣ, ದೀಪಾವಳಿಗೆ ಜವಳಿ ಸಾಲಿನ ಬಟ್ಟೆ ಎಲ್ಲ ಅಲ್ಲಿಂದಲೇ. ಕೈಖರ್ಚು ವಯಸ್ಸಿಗೆ ತಕ್ಕಂತೆ ಹೆಚ್ಚುತ್ತದೆ. ದೊಡ್ಡವನಿಗೆ ಸಿಕ್ಕದ್ದು ಆ ವಯಸ್ಸಿಗೆ ಬಂದಾಗ ಚಿಕ್ಕವಳಿಗೂ ಸಿಗುತ್ತದೆ ಎಂಬುದು ಅವಳಿಗೂ ಗೊತ್ತು.

ದೊಡ್ಡ ಹುಡುಗನಿಗೆ ಎರಡು ವರ್ಷದಲ್ಲಿ 18 ತುಂಬುತ್ತದೆ. ಆಗ ಅವನ ಖಾತೆ ಅವನ ಸಹಿಗೆ ಬರುತ್ತದೆ, ಅವ್ವನ ಬಂಗಾರದಲ್ಲಿನ ಪಾಲೂ ಅವನ ಅಧೀನಕ್ಕೆ ಬರುತ್ತದೆ. ಪಟ್ಟಿ ಎಲ್ಲಿದೆ, ಲಾಕರ್ ಯಾವ ಬ್ಯಾಂಕಿನಲ್ಲಿದೆ, ಮೃತ್ಯುಪತ್ರದಲ್ಲಿ ಏನಿದೆ ಎಂಬುದನ್ನು ನಾವು ಈಗಲೇ ಅವನಿಗೆ ಹೇಳಿದ್ದೇವೆ. ಮಕ್ಕಳಿಂದ ಮುಚ್ಚಿಟ್ಟ ಕಾಗದ ಮುಂದೆ ಅನುಮಾನಕ್ಕೇ ದಾರಿ.

ಈ ಸೀಮೆಗೆ ಎರಡನೆಯ ಮದುವೆ ಹೊಸದಲ್ಲ. ನಮ್ಮ ಹಲವು ಸಮುದಾಯಗಳಲ್ಲಿ ಉಡಿಕಿ ಪದ್ಧತಿ ತಲೆಮಾರುಗಳಿಂದ ಇದೆ. ಕೂಡುವ ಧೈರ್ಯವನ್ನು ಹಿರಿಯರು ಕೊಟ್ಟಿದ್ದಾರೆ, ಮಕ್ಕಳ ಪಾಲು ಬರೆದಿಡುವ ಕೆಲಸ ನಮ್ಮದು. ನಿಮ್ಮ ಮನೆಯಲ್ಲೂ ಎರಡು ಸಂಸಾರ ಒಂದಾಗುವುದಿದ್ದರೆ, ಮದುವೆಯ ದಿನ ಗೊತ್ತು ಮಾಡುವಾಗಲೇ ವಕೀಲರನ್ನು ಕಾಣುವ ದಿನವನ್ನೂ ಗೊತ್ತು ಮಾಡಿಕೊಳ್ಳಿ, ಎರಡೂ ಕಡೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ.