ಮನೆ ಬಿಚ್ಚಿದಲ್ಲಿ ಮರ: ಜಮಖಂಡಿ–ಮುಧೋಳ ಸೀಮೆಯಲ್ಲಿ ಹಳೆ ಕಟ್ಟಿಗೆ ಹುಡುಕುವವರಿಗೆ

ಕೈಯಾರೆ ಬೆಂಚು, ಮೇಜು, ಪೆಟ್ಟಿಗೆ ಮಾಡುವ ಹವ್ಯಾಸವಿದ್ದು, ಹೊಸ ಸಾಗವಾನಿಯ ಬೆಲೆ ಕೇಳಿ ಹಿಂದೆ ಸರಿದವರು ಒಮ್ಮೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೋಗಿ ಬರಬೇಕು. ಇದು ಕಾಡಿನ ಸೀಮೆ ಅಲ್ಲ. ಕಬ್ಬು, ಜೋಳ, ಮಗ್ಗಗಳ ಬಯಲು ನಾಡು. ಆದರೆ ಇಲ್ಲಿನ ಹಳೆ ಮನೆಗಳೆಲ್ಲ ಮರದ ಮೇಲೇ ನಿಂತವು. ದಪ್ಪ ಕಲ್ಲು-ಮಣ್ಣಿನ ಗೋಡೆ, ಸಾಲು ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಒತ್ತೊತ್ತಾಗಿ ಜಂತಿ, ಅದರ ಮೇಲೆ ಹಲಗೆ, ಎಲ್ಲದರ ಮೇಲೆ ಗೇಣುಗಟ್ಟಲೆ ಮಣ್ಣು. ಮೇಲ್ಮುದ್ದಿ ಮನೆ ಎಂದರೆ ಇದೇ. ಅಷ್ಟು ಮಣ್ಣಿನ ಭಾರ ಹೊರಬೇಕಾದ್ದರಿಂದ ಕಟ್ಟಿಸಿದವರು ಮರಕ್ಕೆ ಕೈ ಬಿಗಿ ಹಿಡಿಯಲಿಲ್ಲ. ಅನುಕೂಲಸ್ಥರು ದಾಂಡೇಲಿ, ಹಳಿಯಾಳದ ಕಡೆಯ ಸಾಗವಾನಿ, ಮತ್ತಿ ತರಿಸಿದರು. ಉಳಿದವರು ಹೊಲದ ಬದುವಿನ ಬೇವು, ಜಾಲಿ ಕಡಿದು ಹಾಕಿಕೊಂಡರು. ಆ ಮನೆಗಳು ಈಗ ಒಂದೊಂದಾಗಿ ಇಳಿಯುತ್ತಿವೆ, ಆರ್‌ಸಿಸಿ ಏರುತ್ತಿದೆ. ಇಳಿದ ಮರದಲ್ಲಿ ಒಳ್ಳೆಯದು ಒಂದಿಷ್ಟು ಹೊಸ ಮನೆಗೆ ಹೋಗುತ್ತದೆ, ಒಂದಿಷ್ಟು ಗುಜರಿಗೆ, ಉಳಿದದ್ದು ಒಲೆಗೆ. ಒಲೆಗೆ ಹೋಗುವ ಮೊದಲು ಅಲ್ಲಿರಬೇಕು. ಈ ಪ್ರವಾಸದ ಗುಟ್ಟು ಅಷ್ಟೇ.

ಹೋಗುವ ಕಾಲ ಮುಖ್ಯ. ಕಬ್ಬು ಕಡಿದು, ಕಾರ್ಖಾನೆಯ ಬಿಲ್ಲು ಕೈಗೆ ಬಂದಮೇಲೆ, ಮಳೆ ಹಿಡಿಯುವ ಮೊದಲು ಜನ ಮನೆ ಕೆಲಸಕ್ಕೆ ಕೈ ಹಾಕುತ್ತಾರೆ. ಹಾಗಾಗಿ ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ಅವಧಿ ಉತ್ತಮ. ಬಿಸಿಲು ಜೋರು, ಬೆಳಿಗ್ಗೆ ಆರಕ್ಕೇ ಹೊರಟು ಹನ್ನೊಂದರೊಳಗೆ ಓಡಾಟ ಮುಗಿಸಬೇಕು. ಮಳೆಗಾಲದಲ್ಲಿ ಹೋದರೆ ನೆನೆದ ಮರ ಸಿಗುತ್ತದೆ. ತೂಕದಿಂದ ಗುಣ ಅಳೆಯಲು ಬರುವುದಿಲ್ಲ, ಬಿರುಕು ಮುಚ್ಚಿಕೊಂಡಿರುತ್ತದೆ. ಅಮಾವಾಸ್ಯೆ ದಿನ ಉಪಕರಣ ಮುಟ್ಟದ ಬಡಿಗೇರರು ಇನ್ನೂ ಇದ್ದಾರೆ. ಪಂಚಾಂಗ ನೋಡಿಕೊಂಡೇ ಹೊರಡಿ.

ಬೆಂಗಳೂರು ಕಡೆಯವರಿಗೆ ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಬಸ್ಸು. ಬೆಳಗಾವಿ, ಮೀರಜ್ ಕಡೆಯಿಂದ ಬರುವವರಿಗೆ ಕುಡಚಿ ನಿಲ್ದಾಣ ಹತ್ತಿರ. ಅಲ್ಲಿಂದ ರಬಕವಿ-ಬನಹಟ್ಟಿ ದೂರವಲ್ಲ. ನಾಲ್ಕೂ ಊರಿನ ನಡುವೆ ವಾಯವ್ಯ ಸಾರಿಗೆ ಬಸ್ಸುಗಳು ಓಡಾಡುತ್ತವೆ. ಉಳಿಯಲು ಜಮಖಂಡಿ ಅಥವಾ ಮುಧೋಳ ಅನುಕೂಲ, ಊಟಕ್ಕೆ ಖಾನಾವಳಿಗಳಿಗೆ ಕೊರತೆಯಿಲ್ಲ.

ನಾನು ಹೇಳುವುದಾದರೆ ಜಮಖಂಡಿಯಿಂದ ಶುರು ಮಾಡಿ. 1948ರವರೆಗೆ ಇದು ಪಟವರ್ಧನರ ಸಂಸ್ಥಾನದ ರಾಜಧಾನಿ. ರಾಜಧಾನಿ ಇದ್ದಲ್ಲಿ ಸರದಾರರು, ಕಾರಕೂನರು, ಸಾವಕಾರರು ಇರುತ್ತಾರೆ, ಅವರ ವಾಡೆಗಳೂ ಇರುತ್ತವೆ. ಹಳೆ ಪೇಟೆಯ ಓಣಿಗಳಲ್ಲಿ ನಡೆದರೆ ಬೀಗ ಬಿದ್ದ ದೊಡ್ಡ ಬಾಗಿಲು, ಅರ್ಧ ಕುಸಿದ ಪಡಸಾಲೆ ಕಾಣುತ್ತವೆ. ಅವುಗಳಿಗೆ ನೇರವಾಗಿ ಕೈ ಹಾಕಬೇಡಿ. ಬಹುತೇಕ ವಾಡೆಗಳಿಗೆ ಐದಾರು ವಾರಸುದಾರರು, ಒಬ್ಬರು ಪುಣೆಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ. ಕೀಲಿ ಹಿಡಿದವನು ಮಾರುತ್ತೇನೆಂದ ಮಾತ್ರಕ್ಕೆ ಮಾರುವ ಹಕ್ಕು ಅವನದೊಬ್ಬನದೇ ಆಗಿರುವುದಿಲ್ಲ. ಅದರ ಬದಲು ಊರಿನ ಸಾಮಿಲ್ಲು ಮತ್ತು ಬಡಿಗೇರರ ಅಂಗಡಿಗಳನ್ನು ಹಿಡಿಯಿರಿ. ಯಾವ ಓಣಿಯಲ್ಲಿ ಯಾರ ಮನೆ ಇಳಿಯಲಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಬಡಿಗೇರರಿಗೆ, ಏಕೆಂದರೆ ಹೊಸ ಮನೆಯ ಚೌಕಟ್ಟಿಗೆ ಅಳತೆ ತೆಗೆಯಲು ಅವರನ್ನೇ ಕರೆದಿರುತ್ತಾರೆ. ಹಿರಿಯರಿದ್ದರೆ ಕಾಕಾ ಎಂದೇ ಮಾತಾಡಿಸಿ. ಒಂದು ಚಹಾ ಕುಡಿದು, "ಹಳೇ ಮನಿ ಯಾವುದರ ಬಿಚ್ಚಾಕತ್ತಾರೇನ್ರಿ ಕಾಕಾ?" ಎಂದು ಕೇಳಿದರೆ ಸಾಕು, ದಾರಿ ತಾನಾಗಿ ತೆರೆಯುತ್ತದೆ. ಹುಡುಕಿಕೊಟ್ಟವರಿಗೆ ಅವರ ಪಾಲು ಕೊಡುವುದು ರೂಢಿ, ಅದರಲ್ಲಿ ಜುಗ್ಗತನ ಬೇಡ.

ಬೀಳಗಿಯ ಕಥೆ ಬೇರೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು 519.60 ಮೀಟರ್‌ವರೆಗೆ ನಿಂತಾಗ ಎರಡೂ ನದಿಗಳ ಹಿನ್ನೀರು ಈ ತಾಲ್ಲೂಕಿನ ಹಳ್ಳಿಗಳನ್ನು ಎಬ್ಬಿಸಿತು. ಜನ ಮನೆ ಬಿಟ್ಟು ಬರುವಾಗ ಗೋಡೆ ಬಿಟ್ಟರು, ಮರ ಬಿಡಲಿಲ್ಲ. ಕಂಬ, ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ತಂದರು. ಅಲ್ಲಿನ ಸಣ್ಣ ನಿವೇಶನದಲ್ಲಿ ಹಳೆಯ ಹತ್ತು ಅಂಕಣದ ಮನೆಯ ಮರವೆಲ್ಲ ಹಿಡಿಯಲಿಲ್ಲ. ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ಮಾಡಿನಲ್ಲಿ ಆ ಜಂತಿಗಳನ್ನು ಇಂದಿಗೂ ನೋಡಬಹುದು. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ಇನ್ನಷ್ಟು ಹಳ್ಳಿಗಳವರು ಹೊಸ ಮನೆ ಕಟ್ಟಲೂ ಆಗದೆ, ಹಳೆಯದನ್ನು ರಿಪೇರಿ ಮಾಡಿಸಲೂ ಮನಸ್ಸಾಗದೆ ಕಾಯುತ್ತಿದ್ದಾರೆ.

ಮುಳುಗಡೆಯವರ ಮರ ಕೊಳ್ಳಲು ಹೋಗುವವರು ಇದನ್ನೆಲ್ಲ ತಿಳಿದು ಹೋಗಬೇಕು. ಪರಿಹಾರ ಕೈಗೆ ಬಾರದೆ, ಸಾಲಕ್ಕೆ ಕಟ್ಟುಬಿದ್ದು, ಅಜ್ಜ ನಿಲ್ಲಿಸಿದ ಕಂಬವನ್ನು ಉರುವಲು ಲೆಕ್ಕದಲ್ಲಿ ಕೊಡಲು ಮುಂದಾಗುವ ಮನೆಗಳಿವೆ. ಅಲ್ಲಿ ಚೌಕಾಶಿ ಮಾಡುವುದು ಸಲ್ಲದು. ಅಳತೆ ಮಾಡಿ, ಜಾತಿ ಗುರುತಿಸಿ, ಇದು ಇಂಥ ಮರ, ಇಷ್ಟು ಬಾಳುತ್ತದೆ ಎಂದು ನೀವೇ ಹೇಳಿ ದುಡ್ಡು ಕೊಡಿ. ಹಾಗೆ ಕೊಟ್ಟರೂ ಪಟ್ಟಣದ ಬೆಲೆಗಿಂತ ಕಡಿಮೆಯೇ ಬೀಳುತ್ತದೆ, ನಿಮಗೇನೂ ನಷ್ಟವಿಲ್ಲ.

ಅಳತೆಯ ಲೆಕ್ಕ ಬಾಯಿಪಾಠ ಇರಲಿ. ಆರು ಇಂಚು ಅಗಲ, ಆರು ಇಂಚು ದಪ್ಪ, ಎಂಟು ಅಡಿ ಉದ್ದದ ಕಂಬ ಎಂದರೆ 2 ಘನ ಅಡಿ. ನಾಲ್ಕಿಂಚು-ಮೂರಿಂಚಿನ ಆರಡಿ ಜಂತಿ ಅರ್ಧ ಘನ ಅಡಿ. ಗುಜರಿಯವರು ಕಿಲೋ ಲೆಕ್ಕದಲ್ಲಿ ಹೇಳಿದರೆ, ಒಣಗಿದ ಸಾಗವಾನಿ ಘನ ಅಡಿಗೆ ಸುಮಾರು 18 ಕಿಲೋ, ಜಾಲಿ 23 ಕಿಲೋ ಆಸುಪಾಸು ತೂಗುತ್ತದೆ ಎಂದು ಹಿಡಿದು ತಾಳೆ ನೋಡಿ. ಮೊಳೆ ಕಿತ್ತು, ಲಡ್ಡಾದ ತುದಿ ಕೊಯ್ದು, ನಾಲ್ಕೂ ಮೈ ಹೆರೆದ ಮೇಲೆ ಮೂರರಲ್ಲಿ ಒಂದು ಪಾಲು ಹೋಯಿತೆಂದೇ ಲೆಕ್ಕ ಹಾಕಿ ಬೆಲೆ ಮಾತಾಡಬೇಕು.

ಮರ ನೋಡುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ದುಡ್ಡು ಉಳಿಯುವುದೂ ಕಳೆಯುವುದೂ ಇಲ್ಲೇ. ಮೇಲ್ಮುದ್ದಿಯಿಂದ ಆಗಷ್ಟೇ ಇಳಿಸಿದ ಜಂತಿಯೊಂದನ್ನು ನೆಲದ ಮೇಲೆ ಹೊರಳಿಸಿ. ಅಡುಗೆಮನೆಯದಾದರೆ ಕೆಳಗಿನ ಮೈ ಡಾಂಬರು ಹಚ್ಚಿದಂತೆ ಕರ್ರಗೆ ಹೊಳೆಯುತ್ತಿರುತ್ತದೆ. ಅದು ಎರಡು-ಮೂರು ತಲೆಮಾರಿನ ಹೊಗೆ, ಹೆದರಬೇಡಿ. ಹೊಗೆ ಕುಡಿದ ಮರಕ್ಕೆ ನುಸಿ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಪಕ್ಕದ ಮೈಯಲ್ಲಿ ಬಾಚಿಯಿಂದ ಕೆತ್ತಿದ ಗುರುತು ಅಲೆ ಅಲೆಯಾಗಿ ಕಾಣುತ್ತದೆ. ಮೇಲಿನ ಮೈಗೆ ಮಣ್ಣು ಅಂಟಿರುತ್ತದೆ, ಮಾಡು ಸೋರಿದ್ದಲ್ಲಿ ಮಾಸಿದ ಕಲೆ ಇರುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ತುದಿಗೆ ಬನ್ನಿ. ಗೋಡೆಯೊಳಗೆ ಕೂತಿದ್ದ ಕೊನೆಯ ಒಂದಡಿಯೇ ಜಂತಿಯ ಜಾತಕ. ಗೋಡೆಯ ತೇವ, ಗೆದ್ದಲು ಎರಡೂ ಮೊದಲು ಹಿಡಿಯುವುದು ಅಲ್ಲೇ. ದಬ್ಬಣದಿಂದ ಚುಚ್ಚಿ, ಒಂದು ಅಂಗುಲ ಸಲೀಸಾಗಿ ಇಳಿದರೆ ಆ ಭಾಗ ಬಿಟ್ಟು ಅಳತೆ ಮಾಡಿ. ಆಮೇಲೆ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಪೊಳ್ಳಾದದ್ದು ಬೊದ್ದೆನ್ನುತ್ತದೆ. ಕೊನೆಗೆ ಒಡೆಯರ ಒಪ್ಪಿಗೆ ಕೇಳಿ, ಉಳಿಯಿಂದ ಒಂದು ಚೂರು ಹೆರೆದು ಮೂಸಿ. ಸಾಗವಾನಿಗೆ ಚರ್ಮದಂಥ, ಎಣ್ಣೆಯಂಥ ವಾಸನೆ ನೂರು ವರ್ಷವಾದರೂ ಹೋಗಿರುವುದಿಲ್ಲ, ಒಳಗಿನ ಬಣ್ಣ ಹೊನ್ನಿನದು. ಬೇವು ಕೆಂಪಗೆ, ಎಳೆ ಹೊರಳಿಕೊಂಡಂತೆ ಇರುತ್ತದೆ. ಜಾಲಿ ಕಡುಗಂದು, ಉಳಿಯ ಬಾಯಿ ತಿರುಗಿಸುವಷ್ಟು ಗಟ್ಟಿ.

ಬೇವು ಜಾಲಿಗಳನ್ನು ಕಂಡು ಮೂಗು ಮುರಿಯುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಕೈಗೆಟುಕುವ ಬೆಲೆಯ ನಿಜವಾದ ಸಂಪತ್ತು ಅವೇ. ಬಟ್ಟೆ, ಪುಸ್ತಕದ ಪೆಟ್ಟಿಗೆಗೆ ಹಳೆ ಬೇವು ಸೊಗಸಾದ ಮರ. ಹಳೆ ಚಕ್ಕಡಿಯ ಗಾಲಿ, ಕುಂಟೆ, ನೇಗಿಲುಗಳ ಜಾಲಿ ಕೊಡತಿಗೆ, ಉಳಿಯ ಹಿಡಿಕೆಗೆ, ಬೆಂಚಿನ ಕಾಲಿಗೆ ಹೇಳಿ ಮಾಡಿಸಿದ್ದು. ಕಬ್ಬು ಸಾಗಿಸುವ ಗಾಡಿಗಳಿಗೆ ಟಾಯರು ಬಂದ ಮೇಲೆ ಮರದ ಗಾಲಿಗಳು ಕಣದ ಮೂಲೆಗೆ ಒರಗಿವೆ. ಇಡೀ ಗಾಲಿಯನ್ನು ಹೋಟೆಲಿನ ಅಲಂಕಾರಕ್ಕೆಂದು ಒಯ್ಯುವವರು ಹೆಚ್ಚು ಬೆಲೆ ಕೊಡುತ್ತಾರೆ. ನೀವು ಮುರಿದ ಗಾಲಿ ಕೇಳಿ.

ಮುಧೋಳದಲ್ಲಿ ಒಂದು ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಊರಿನೊಳಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿತು. ಅದೇ ವಾರ ಕೃಷ್ಣೆ ಜಮಖಂಡಿಯ ಮುತ್ತೂರು, ರಬಕವಿ ಕಡೆಯ ತಮದಡ್ಡಿಯಂಥ ಊರುಗಳನ್ನು ಸುತ್ತುವರಿಯಿತು. ನೀರಲ್ಲಿ ನಿಂತ ಮಣ್ಣಿನ ಗೋಡೆಗಳು ಕುಸಿದು ಮರ ಹೊರಬಿತ್ತು. ಹೊಳೆ ನೀರು ಕುಡಿದ ಮರ ಕೆಟ್ಟದ್ದೇನಲ್ಲ, ಆದರೆ ಅದರ ಬಿರುಕುಗಳಲ್ಲಿ ನುಣ್ಣನೆಯ ಮರಳು ಕೂತಿರುತ್ತದೆ. ಕರಗಸದ ಹಲ್ಲು, ಉಜ್ಜುಗೊರಡಿನ ಅಲಗು ಎರಡಕ್ಕೂ ಅದು ಶತ್ರು. ತಂತಿ ಬ್ರಷ್ಷಿನಿಂದ ಬಿರುಕು ಬಿಡಿಸಿ, ನೀರು ಹೊಡೆದು ತೊಳೆದು, ನೆರಳಲ್ಲಿ ಒಣಗಿಸಿದ ಮೇಲಷ್ಟೇ ಅಲಗು ಹಚ್ಚಬೇಕು.

ರಬಕವಿ-ಬನಹಟ್ಟಿಗೆ ಮನೆಯ ಮರಕ್ಕಾಗಿ ಹೋಗದಿದ್ದರೂ ಮಗ್ಗದ ಮರಕ್ಕಾಗಿ ಹೋಗಬೇಕು. ಅಕ್ಕಪಕ್ಕದ ಈ ಎರಡು ಊರುಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಎರಡನ್ನೂ ಬೆಸೆದದ್ದು ನೇಕಾರಿಕೆ. ಕೈಮಗ್ಗಗಳ ಜಾಗಕ್ಕೆ ವಿದ್ಯುತ್ ಮಗ್ಗ ಬಂದ ಮೇಲೆ ಮನೆ ಮನೆಯ ಕುಣಿಮಗ್ಗಗಳು ಕಳಚಿದವು. ಅವುಗಳ ನಿಲುಗಂಬ, ಅಡ್ಡಪಟ್ಟಿ, ಸೀರೆ ಸುತ್ತುವ ಉರುಳೆಗಳು ಕೆಲವು ಅಟ್ಟದಲ್ಲಿವೆ, ಕೆಲವು ಗುಜರಿಯಲ್ಲಿ. ಮಗ್ಗಕ್ಕೆ ಡೊಂಕು ಮರ ಆಗುವುದಿಲ್ಲ. ಕೂದಲೆಳೆ ಡೊಂಕಿದ್ದರೂ ನೂಲು ಹರಿಯುತ್ತದೆ. ಹಾಗಾಗಿ ಆರಿಸಿ, ಹದವಾಗಿ ಒಣಗಿಸಿದ ನೇರ ಮರವೇ ಅಲ್ಲಿರುತ್ತದೆ, ತೇವ ಕಾಣದೆ ಮನೆಯೊಳಗೇ ಬಾಳಿರುತ್ತದೆ. ಉರುಳೆಯ ಮೈಯನ್ನು ಕೈಯಿಂದ ಸವರಿದರೆ ಎಣ್ಣೆ ಉಜ್ಜಿದಷ್ಟು ನುಣುಪು. ಅದನ್ನು ಹೆರೆಯಬೇಡಿ, ಹಾಗೇ ಮೇಜಿನ ಕಾಲಾಗಿಸಿ. ತುಂಡಾದ ಲಾಳಿ, ಖಾಲಿ ಕಂಡಿಕೆಗಳೂ ಸಿಗುತ್ತವೆ, ಲಾಳಿಯ ಗಟ್ಟಿ ಮರ ಸಣ್ಣ ಹಿಡಿಕೆಗಳಿಗೆ ಒದಗುತ್ತದೆ. ಇನ್ನೂ ನೇಯುವ ಸ್ಥಿತಿಯಲ್ಲಿರುವ ಮಗ್ಗವನ್ನು ಮಾತ್ರ ಕಳಚಿಸಬೇಡಿ. ನೇಕಾರ ಕೊಡಲು ಸಿದ್ಧನಿದ್ದರೂ, ಊರಲ್ಲಿ ಅದನ್ನು ಕೊಂಡು ನೇಯುವವರಿದ್ದಾರೆಯೇ ಎಂದು ಮೊದಲು ಕೇಳಿ.

ಕೆತ್ತನೆಯ ಬಾಗಿಲು, ಬೋದಿಗೆಗಳ ಆಸೆ ಬೇಡ. ಒಂದು, ಅವು ಅಗ್ಗವಲ್ಲ. ಹಳೆ ವಸ್ತುಗಳ ವ್ಯಾಪಾರಿಗಳು ಈ ಊರುಗಳನ್ನು ನಿಮಗಿಂತ ಮೊದಲೇ ಜಾಲಾಡಿದ್ದಾರೆ. ಎರಡು, ನೂರು ವರ್ಷ ದಾಟಿದ ಕೆತ್ತನೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಮೂರನೆಯದು ನನಗೆ ಮುಖ್ಯ: ಹೊಸ್ತಿಲು, ತಲೆಬಾಗಿಲು ಆ ಮನೆತನದವು. ಹಳೆ ತಲೆಬಾಗಿಲನ್ನೇ ಹೊಸ ಮನೆಗೆ ಕೂರಿಸುವ ಪದ್ಧತಿ ಇಲ್ಲಿದೆ, ಅದು ಉಳಿಯಲಿ.

ಸಾಗಣೆಗೆ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ವಿಚಾರಿಸುವುದು ಕಡ್ಡಾಯವೆಂದೇ ತಿಳಿಯಿರಿ. ಕರ್ನಾಟಕದಲ್ಲಿ ಮರ ಸಾಗಿಸಲು ಅರಣ್ಯ ನಿಯಮಗಳ ಪ್ರಕಾರ ರಹದಾರಿ ಪತ್ರ ಬೇಕಾಗುತ್ತದೆ. ಸಾಗವಾನಿ, ಬೀಟೆ ವಿಷಯದಲ್ಲಿ ದಾರಿಯ ತಪಾಸಣೆ ಬಿಗಿ. ಹಳೆ ಮನೆಯ ಮರವೆಂದು ಬಾಯಲ್ಲಿ ಹೇಳಿದರೆ ಸಾಲದು. ಮನೆ ಬಿಚ್ಚುವಾಗಲೇ ಮರ ಮಾಡಿನಲ್ಲಿರುವ ಫೋಟೊ ತೆಗೆಯಿರಿ. ಮಾರಿದವರ ಸಹಿಯ ಚೀಟಿ, ಮನೆಯ ಉತಾರದ ನಕಲು, ಗ್ರಾಮ ಪಂಚಾಯಿತಿಯ ಒಂದು ಪತ್ರ ಜೊತೆಗಿರಲಿ. ಗುಜರಿಯಲ್ಲಿ ಕೊಂಡರೆ ಬಿಲ್ಲು ಪಡೆಯದೆ ಹೊರಡಬೇಡಿ. ಗಂಧದ ತುಂಡನ್ನು ಯಾರೇ ತೋರಿಸಿದರೂ ಅಲ್ಲಿಂದ ಎದ್ದು ಬನ್ನಿ.

ಮರವನ್ನು ಅಲ್ಲೇ ಸೀಳಿಸಿಕೊಂಡರೆ ಸಾಗಣೆ ಖರ್ಚು ಇಳಿಯುತ್ತದೆ. ಆದರೆ ಒಂದು ಮೊಳೆ ಉಳಿದರೂ ಪಟ್ಟಿ ಕರಗಸ ಹರಿಯುತ್ತದೆ. ಹಾಗಾಗಿ ಸಾಮಿಲ್ಲಿನವರು ಹಳೆ ಮರ ಕಂಡರೆ ತಲೆ ಅಲ್ಲಾಡಿಸುತ್ತಾರೆ. ಕಮ್ಮಾರ ಬಡಿದ ಚೌಕ ಮೊಳೆಗಳು ಎಳೆದರೆ ತಲೆ ಕಿತ್ತು ಒಳಗೇ ಉಳಿಯುವಂಥವು. ಸುತ್ತ ಉಳಿಯಿಂದ ಬಿಡಿಸಿ ಇಕ್ಕಳ ಹಾಕಿ ಮೇಲೆತ್ತಬೇಕು. ಜೊತೆಗೆ ಬಲವಾದ ಅಯಸ್ಕಾಂತವೊಂದನ್ನು ಒಯ್ದು, ಅವರೆದುರೇ ನಾಲ್ಕೂ ಮೈಮೇಲೆ ಆಡಿಸಿ ತೋರಿಸಿ, ಅಲಗು ಹಾಳಾದರೆ ಭರಿಸುವೆನೆಂದು ಮೊದಲೇ ಮಾತಾಡಿಕೊಂಡರೆ ಒಪ್ಪುತ್ತಾರೆ. ಸಣ್ಣ ಹೇರಿಗೆ ಟಾಟಾ ಏಸ್ ಸಾಕು. ದೂರದೂರಿಗಾದರೆ ಐದಡಿಗೆ ಕೊಯ್ದು ಕಟ್ಟು ಕಟ್ಟಿ ಲಾರಿ ಪಾರ್ಸೆಲ್‌ಗೆ ಹಾಕಿ.

ಮನೆಗೆ ತಂದ ಮೇಲೆ ಇತರ ಪೀಠೋಪಕರಣದ ಪಕ್ಕ ಇಡಬೇಡಿ. ನೆಲದಿಂದ ಎತ್ತರಿಸಿ, ನಡುವೆ ಪಟ್ಟಿ ಕೊಟ್ಟು ಪೇರಿಸಿ, ಕೆಳಗೆ ಕರಿ ಬಟ್ಟೆಯೊಂದನ್ನು ಹಾಸಿ ಒಂದು ಮಳೆಗಾಲ ಬಿಡಿ. ಬಟ್ಟೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ನುಸಿ ಜೀವಂತವಾಗಿದೆ. ಆ ತುಂಡನ್ನು ಬೇರೆ ತೆಗೆದು ಔಷಧಿ ಹೊಡೆಯಿರಿ, ಉಳಿದದ್ದಕ್ಕೆ ಅಲಗು ಹಚ್ಚಲು ಅಡ್ಡಿಯಿಲ್ಲ.