ಮಿದುಳಿನ ಮಿಡಿತವನ್ನು ಆಲಿಸುವ ಸೂಜಿ

ಜಾತ್ರೆಯ ದಿನ ತೇರುಬೀದಿಯಿಂದ ದೂರ ನಿಂತವರಿಗೆ ಜನಸಾಗರದ ಮೊರೆತ ಕೇಳಿಸುತ್ತದೆ. ಯಾರು ಏನೆಂದರೆಂಬುದು ತಿಳಿಯುವುದಿಲ್ಲ. ನೆತ್ತಿಯ ಮೇಲೆ ತಂತಿಗಳನ್ನಂಟಿಸಿ ಮಾಡುವ ಇ.ಇ.ಜಿ. ಪರೀಕ್ಷೆಯೂ ಇಂಥದೇ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮಾನವನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಮೂರ್ಛೆರೋಗವನ್ನು ಗುರುತಿಸಲು ಇಂದಿಗೂ ನಾವು ಆ ವಿಧಾನವನ್ನೇ ನೆಚ್ಚಿದ್ದೇವೆ. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಒಂದೊಂದರ ನುಡಿ ಅದಕ್ಕೆ ನಿಲುಕದು.

ಕೋಶದ ಬಳಿಗೇ ಹೋಗಿ ಆಲಿಸಬೇಕಾದರೆ ತಂತಿಯನ್ನು ಮಿದುಳಿನೊಳಗೆ ಇಳಿಸಬೇಕು. ತೊಡಕಿರುವುದು ಇಲ್ಲಿಯೇ. ಕೋಶ ಮಿಡಿದಾಗ ಹೊರಗೆ ದೊರೆಯುವ ವಿದ್ಯುತ್ತು ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅದೂ ಕ್ಷಣದ ಸಾವಿರದಲ್ಲೊಂದು ಪಾಲು ಮಾತ್ರ. ಇಷ್ಟು ಕ್ಷೀಣವಾದ ಸಂಕೇತವನ್ನು ಉದ್ದನೆಯ ತಂತಿಯಲ್ಲಿ ಸಾಗಿಸಿದರೆ ದಾರಿಯಲ್ಲೇ ಗದ್ದಲ ಬೆರೆಯುತ್ತದೆ. ಸಾವಿರ ಕಡೆ ಆಲಿಸಬೇಕೆಂದರೆ ಸಾವಿರ ತಂತಿಗಳ ಕಟ್ಟು ಬೇಕಾಗಿ, ಅದು ಮಿದುಳನ್ನೇ ಗಾಯಗೊಳಿಸೀತು. ಒಳಗೇ ವರ್ಧಕವನ್ನಿಡೋಣವೆಂದರೆ ಅದು ಬಿಸಿಯಾಗುತ್ತದೆ, ನರಕೋಶಕ್ಕೆ ಬಿಸಿ ಸಲ್ಲದು.

2017ರಲ್ಲಿ ಬೆಳಕಿಗೆ ಬಂದ ನ್ಯೂರೋಪಿಕ್ಸೆಲ್ಸ್ ಎಂಬ ಸಿಲಿಕಾನ್ ಸೂಜಿ ಈ ಮೂರು ತೊಡಕುಗಳಿಗೂ ಒಂದು ದಾರಿ ತೋರಿಸಿತು. ಬೆಲ್ಜಿಯಂನ ಐಮೆಕ್ ಸಂಸ್ಥೆಯು ಅಮೆರಿಕ, ಬ್ರಿಟನ್ನಿನ ಸಂಶೋಧಕರೊಡಗೂಡಿ ಇದನ್ನು ರೂಪಿಸಿತು. ಒಂದು ಸೆಂಟಿಮೀಟರ್ ಉದ್ದದ, ಹೆಚ್ಚುಕಡಿಮೆ ತಲೆಗೂದಲಿನಷ್ಟೇ ಅಗಲದ ಆ ಎಳೆಯ ಮೇಲೆ 960 ಆಲಿಸುವ ಬಿಂದುಗಳಿವೆ. ಬಿಂದುವಿನಡಿಯಲ್ಲಿರುವ ಸೂಕ್ಷ್ಮ ಸ್ವಿಚ್ಚುಗಳ ಮೂಲಕ ಏಕಕಾಲಕ್ಕೆ 384ನ್ನು ಆರಿಸಿಕೊಳ್ಳಬಹುದು. ವರ್ಧಕಗಳು ಅದೇ ಸಿಲಿಕಾನಿನ ಬುಡದಲ್ಲಿದ್ದು, ಬಿಸಿಯಾಗುವ ಆ ಭಾಗ ಮಿದುಳಿನ ಹೊರಗೇ ಉಳಿಯುತ್ತದೆ. ಪ್ರತಿ ಬಿಂದುವಿನ ಸಂಕೇತವನ್ನೂ ಸೆಕೆಂಡಿಗೆ 30,000 ಬಾರಿ ಅಳೆದು ಅಲ್ಲಿಯೇ ಅಂಕಿಗಳಾಗಿ ಮಾರ್ಪಡಿಸುವುದರಿಂದ ಹೊರಗೆ ಬರಲು ಒಂದೇ ತೆಳುವಾದ ಕೇಬಲ್ ಸಾಕು. ನಮ್ಮ ದೃಷ್ಟಿಯಲ್ಲಿ, ಬಿಂದುಗಳ ಸಂಖ್ಯೆಗಿಂತ ಈ ಜೋಡಣೆಯೇ ಹಿರಿದು.

ಮೊದಲು ಇದು ಇಲಿಗಳ ಮಿದುಳಿಗೆ ಮೀಸಲಾಗಿತ್ತು. 2022ರಲ್ಲಿ ಅಮೆರಿಕದ ವೈದ್ಯರು, ಬೇರೆ ಕಾರಣಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೊಳಗಾಗಿದ್ದ ರೋಗಿಗಳ ಒಪ್ಪಿಗೆ ಪಡೆದು, ತುಸು ದಪ್ಪನೆಯ ಸೂಜಿಯಿಂದ ಇನ್ನೂರಕ್ಕೂ ಮಿಕ್ಕಿದ ನರಕೋಶಗಳನ್ನು ಒಮ್ಮೆಲೇ ಆಲಿಸಿದ ವರದಿ ಪ್ರಕಟವಾಯಿತು.

ಭಕ್ತರ ಮನೆಗಳಿಗೆ ಇದರಿಂದೇನು? ಮೂರ್ಛೆರೋಗಿಗಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮಾತ್ರೆಗಳಿಂದ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಆಗ ಸೆಳವು ಹುಟ್ಟುವ ಜಾಗ ಖಚಿತವಾಗಿ ತಿಳಿದಿರಬೇಕು, ಮಾತು ನೆನಪುಗಳ ಜಾಗ ಉಳಿಯಬೇಕು. ಕೋಶಗಳ ಮಟ್ಟದಲ್ಲಿ ಸೆಳವು ಹೇಗೆ ಹಬ್ಬುತ್ತದೆಂಬ ಅರಿವು ಅಲ್ಲಿಗೆ ಬೇಕು. ಸದ್ಯಕ್ಕೆ ಈ ಸೂಜಿ ಸಂಶೋಧನೆಯ ಸಾಧನ, ಚಿಕಿತ್ಸೆಯಲ್ಲ. ಹೊಸದೇನೋ ಬರುತ್ತಿದೆಯೆಂದು ಯಾರೂ ಮಾತ್ರೆ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು.