ಮುಕ್ತಾಯವೂ ಅಂಗಿರಸವೂ: ಜಪಾನೀ ‘ರಾಮಾಯಣ’ದ ಮರುವೀಕ್ಷಣೆ

ಒಂದು ಕೃತಿಯನ್ನು ಎರಡನೆಯ ಸಲ ಓದುವವನು ಕಥೆಗಾಗಿ ಓದುವುದಿಲ್ಲ. ಕಥೆ ಅವನಿಗೆ ಗೊತ್ತಿರುತ್ತದೆ. ಕವಿ ಏನನ್ನು ಆಯ್ದುಕೊಂಡ, ಏನನ್ನು ಬಿಟ್ಟ, ಎಲ್ಲಿ ತೊಡಗಿ ಎಲ್ಲಿ ನಿಲ್ಲಿಸಿದ ಎಂಬುದು ಆಗ ಕಾಣತೊಡಗುತ್ತದೆ. ಕಾವ್ಯಮೀಮಾಂಸೆಯ ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುವ ಈ ಮಾತನ್ನು ನಾನೇ ಪಾಲಿಸದೆ ಹೋದ ಪ್ರಸಂಗವೊಂದನ್ನು ಇಲ್ಲಿ ಪಾಠವಾಗಿ ನಿಮ್ಮ ಮುಂದಿಡುತ್ತಿದ್ದೇನೆ. ಪ್ರಸಂಗದ ವಸ್ತು ಒಂದು ಆನಿಮೆ. ನಿಮ್ಮಲ್ಲಿ ಹಲವರು ಜಪಾನೀ ಆನಿಮೆ ಸರಣಿಗಳನ್ನು ತಪ್ಪದೆ ನೋಡುವವರಾದ್ದರಿಂದ ಆ ಪ್ರಕಾರದ ಪರಿಚಯ ಬೇಕಿಲ್ಲ.

ಚಿತ್ರದ ಹೆಸರು ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಜಪಾನಿನ ಯುಗೋ ಸಾಕೋ ಅವರು ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರ ಉತ್ಖನನಗಳನ್ನು ಕುರಿತ ಸಾಕ್ಷ್ಯಚಿತ್ರಕ್ಕಾಗಿ 1983ರಲ್ಲಿ ಭಾರತದಲ್ಲಿದ್ದರು. ಆ ಕೆಲಸದ ನಡುವೆ ರಾಮಾಯಣ ಅವರ ಮನಸ್ಸನ್ನು ಹಿಡಿಯಿತು. ಮಹಾಕಾವ್ಯದ ಅದ್ಭುತಕ್ಕೆ ನಟರಿಗಿಂತ ರೇಖೆಯೇ ಹೆಚ್ಚು ನ್ಯಾಯ ಒದಗಿಸಬಲ್ಲದೆಂಬ ನಂಬಿಕೆಯಿಂದ ಅವರು ಈ ಮಾಧ್ಯಮವನ್ನು ಆರಿಸಿಕೊಂಡರು. ಭಾರತೀಯ ಆನಿಮೇಷನ್ ಕಲೆಯ ಹಿರಿಯರಾದ ರಾಮ್ ಮೋಹನ್ ಮತ್ತು ಜಪಾನಿನ ಕೋಯಿಚಿ ಸಸಾಕಿ ನಿರ್ದೇಶನದಲ್ಲಿ ಜೊತೆಗೂಡಿದರು. ವನರಾಜ್ ಭಾಟಿಯಾ ಸಂಗೀತ ನೀಡಿದರು. 1993ರಲ್ಲಿ ಬೆಳಕು ಕಂಡ ಈ ಚಿತ್ರ, 2025ರ ಜನವರಿ 24ರಂದು ಹೊಸದಾಗಿ ಸಂಸ್ಕರಿಸಿದ ಪ್ರತಿಯ ರೂಪದಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು.

ಮೊದಲ ನೋಟದ ತಪ್ಪು

ಬಹಳ ವರ್ಷಗಳ ಹಿಂದೆ ನಾನು ಇದನ್ನು ದೂರದರ್ಶಕದ ಪರದೆಯಲ್ಲಿ ಹಿಂದಿಯಲ್ಲಿ ನೋಡಿದ್ದೆ. ರಾಮನಿಗೆ ಅರುಣ್ ಗೋವಿಲ್ ಅವರ ಧ್ವನಿ, ರಾವಣನಿಗೆ ಅಮರೀಶ್ ಪುರಿಯವರ ಧ್ವನಿ. ಆದರೆ ಆ ಮುಖಗಳು, ಆ ಅಗಲ ಕಣ್ಣುಗಳು ನನಗೆ ಒಗ್ಗಲಿಲ್ಲ. ಮರುದಿನ ತರಗತಿಯಲ್ಲಿ, ಅದು ಮಕ್ಕಳ ಆಟಿಕೆ, ಅದರಲ್ಲಿರುವವನು ನಮ್ಮ ರಾಮನಲ್ಲ ಎಂದುಬಿಟ್ಟೆ. ವಿದ್ಯಾರ್ಥಿಯೊಬ್ಬ ಎದ್ದುನಿಂತು, ‘ನಮ್ಮ ರಾಮ ಯಾರು ಸರ್?’ ಎಂದು ಕೇಳಿದ. ಉತ್ತರಿಸದೆ ಪಾಠ ಮುಂದುವರಿಸಿದೆ.

ಆ ಪ್ರಶ್ನೆ ನ್ಯಾಯವಾದುದಾಗಿತ್ತು. ನಾನು ಚಿತ್ರವನ್ನು ಹೋಲಿಸಿ ನೋಡಿದ್ದು ವಾಲ್ಮೀಕಿಯೊಡನೆ ಅಲ್ಲ, ಕ್ಯಾಲೆಂಡರಿನ ರಾಮನೊಡನೆ. ಅದೇ ವಾರ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ಪಾಠ ಮಾಡುತ್ತಿದ್ದೆ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣನೋ ಪಶ್ಚಾತ್ತಾಪದಿಂದ ನಮ್ಮ ಮರುಕ ಗಳಿಸುವ ಉದಾತ್ತ. ಜೈನಕವಿ ತನ್ನ ದರ್ಶನಕ್ಕೆ ತಕ್ಕಂತೆ ಕಥೆಯನ್ನು ತಿರುಗಿಸಿದಾಗ ಅದನ್ನು ಪ್ರತಿಭೆಯೆಂದು ಕೊಂಡಾಡಿದ ನಾನೇ, ಜಪಾನೀ ಕಲಾವಿದ ಕಣ್ಣಿನ ಆಕಾರ ಬದಲಿಸಿದಾಗ ಅದನ್ನು ದೋಷವೆಂದೆ. ಮೂಲನಿಷ್ಠೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಕನ್ನಡ ರಾಮಾಯಣಗಳಲ್ಲಿ ಒಂದೂ ಉಳಿಯದು.

ಮುಳ್ಳನ್ಕೊಲ್ಲಿಯಲ್ಲಿ ಎರಡನೆಯ ನೋಟ

ಎರಡನೆಯ ಸಲ ಈ ಚಿತ್ರವನ್ನು ನೋಡಿದ್ದು ವಯನಾಡಿನ ಮುಳ್ಳನ್ಕೊಲ್ಲಿಯಲ್ಲಿ, ಪರಿಚಿತರೊಬ್ಬರ ಮನೆಯಲ್ಲಿ. ಕಬಿನಿಯ ದಡದ ಊರು ಅದು. ಪೆರಿಕ್ಕಲ್ಲೂರಿನ ಕಡವಿನಲ್ಲಿ ನಿಂತರೆ ಆಚೆ ದಡದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಆ ಮನೆಯ ಅಜ್ಜಿ ಆಚೆ ದಡದಿಂದ ಮದುವೆಯಾಗಿ ಬಂದವರು. ಕನ್ನಡವನ್ನು ಮಲೆಯಾಳದ ನಡುವೆಯೂ ಕಾಪಾಡಿಕೊಂಡವರು. ಮೊಮ್ಮಕ್ಕಳ ಜೊತೆ ಅವರೂ ಕುಳಿತರು.

ಈ ಸಲ ಕಣ್ಣುಗಳ ಆಕಾರ ನನ್ನನ್ನು ಕಾಡಲಿಲ್ಲ. ಮರ, ಮೋಡ, ನೀರುಗಳನ್ನು ಪಾತ್ರಗಳಷ್ಟೇ ಗೌರವದಿಂದ ಬರೆದ ಕೈಗಳನ್ನು ಕಂಡೆ. ಕುಂಭಕರ್ಣನ ಪ್ರಸಂಗದಲ್ಲಿ ಅದ್ಭುತ, ಹಾಸ್ಯ, ಭಯಾನಕಗಳು ಒಂದರಿಂದೊಂದು ಹುಟ್ಟುವ ಕ್ರಮವನ್ನು ಗಮನಿಸಿದೆ. ಯುದ್ಧದ ಭಾಗದಲ್ಲಿ ಗೆಲುವಿನ ಸಂಭ್ರಮದ ಜೊತೆಗೇ ಸಾವಿನ ಭಾರವೂ ಇದೆಯೆನಿಸಿತು. ಇದು ಆಟಿಕೆಯಲ್ಲ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಸೀತಾರಾಮರು ಅಯೋಧ್ಯೆಗೆ ಮರಳುವುದರೊಡನೆ ಕಥೆ ಮುಗಿಯಿತು.

ಅಜ್ಜಿ ಕೇಳಿದರು: ‘ಮುಗೀತಾ? ಮಕ್ಕಳೆಲ್ಲಿ?’

ಅವರು ಕೇಳಿದ್ದು ಲವಕುಶರನ್ನು. ಅವರ ಪಾಲಿಗೆ ಆ ಮಕ್ಕಳು ಬೇರೆಲ್ಲೋ ಹುಟ್ಟಿದವರಲ್ಲ. ಮುಳ್ಳನ್ಕೊಲ್ಲಿಗೆ ಹತ್ತಿರದ ಪುಲ್ಪಳ್ಳಿಯಲ್ಲಿ ಸೀತಾದೇವಿಯೂ ಲವಕುಶರೂ ಜೊತೆಯಾಗಿ ಪೂಜೆಗೊಳ್ಳುವ ದೇವಾಲಯವಿದೆ. ಆಶ್ರಮಕೊಲ್ಲಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದು ಜನರ ನಂಬಿಕೆ. ಶಿಶುಮಲೆಯೆಂಬ ಗುಡ್ಡದಲ್ಲಿ ಮಕ್ಕಳು ಆಡಿದರಂತೆ. ಮಕ್ಕಳನ್ನು ಕಚ್ಚಿದ ಜಿಗಣೆಗಳಿಗೆ ಸೀತೆ ಶಾಪಕೊಟ್ಟಳೆಂದೂ, ಆದ್ದರಿಂದ ಆ ನೆಲದಲ್ಲಿ ಜಿಗಣೆಗಳಿಲ್ಲವೆಂದೂ ಹೇಳುತ್ತಾರೆ. ಭೂಮಿ ಬಾಯ್ದೆರೆದು ಸೀತೆ ಒಳಗಿಳಿದಾಗ ರಾಮ ಅವಳ ಜಡೆಯನ್ನು ಹಿಡಿದನಂತೆ. ಸೀತೆ ಹೋದಳು, ಕೂದಲು ಕೈಯಲ್ಲಿ ಉಳಿಯಿತು. ಆ ಜಾಗವೇ ಜಟಯಟ್ಟಕಾವು, ಅಂದರೆ ಜಡೆ ಕಡಿದುಹೋದ ದೇವರ ಬನ. ಚಿತ್ರ ಮುಗಿಯುವಲ್ಲಿಂದ ಈ ನೆಲದ ರಾಮಾಯಣ ಆರಂಭವಾಗುತ್ತದೆ.

ಆನಂದವರ್ಧನನ ಮಾತು

ಅಜ್ಜಿಯ ಪ್ರಶ್ನೆಗೂ ನಮ್ಮ ಪಠ್ಯಕ್ಕೂ ನೇರ ಸಂಬಂಧವಿದೆ. ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಆನಂದವರ್ಧನನು ರಾಮಾಯಣದ ಅಂಗಿರಸ ಕರುಣವೆಂದು ನಿರ್ಣಯಿಸುತ್ತಾನೆ. ಅದಕ್ಕೆ ಅವನು ಕೊಡುವ ಆಧಾರಗಳು ಎರಡು. ಮೊದಲನೆಯದು ಆರಂಭ: ಕ್ರೌಂಚವಧೆಯನ್ನು ಕಂಡ ಕವಿಯ ಶೋಕವೇ ಶ್ಲೋಕವಾದದ್ದು. ಎರಡನೆಯದು ಮುಕ್ತಾಯ: ಸೀತೆಯ ಮರಳಿಬಾರದ ಅಗಲಿಕೆಯವರೆಗೂ ಕವಿ ತನ್ನ ಪ್ರಬಂಧವನ್ನು ನಡೆಸಿದ್ದು. ಈ ಎರಡನೆಯ ಆಧಾರವನ್ನು ತೆಗೆದುಬಿಟ್ಟರೆ ಏನಾಗುತ್ತದೆಂದು ಯೋಚಿಸಿರಿ. ಪಟ್ಟಾಭಿಷೇಕದಲ್ಲಿ ನಿಂತ ರಾಮಾಯಣದಲ್ಲಿ ವೀರವು ಅಂಗಿಯಾಗುತ್ತದೆ. ಕರುಣ ಅಂಗವಾಗಿ ಉಳಿಯುತ್ತದೆ. ಅದೇ ಕಥೆ, ಅವೇ ಪಾತ್ರಗಳು. ಕೊನೆ ಬದಲಾದುದರಿಂದ ರಸ ಬದಲಾಯಿತು. ಸೀತೆಯ ಅಪಹರಣ ಮೊದಲ ಬಗೆಯಲ್ಲಿ ಅವಳ ದುಃಖಪರಂಪರೆಯ ಒಂದು ಘಟ್ಟ. ಎರಡನೆಯ ಬಗೆಯಲ್ಲಿ ನಾಯಕನ ಪರಾಕ್ರಮಕ್ಕೆ ಒದಗಿದ ಕಾರಣ.

ಹಾಗಾದರೆ ಜಪಾನೀ ಚಿತ್ರ ಅಪೂರ್ಣವೇ? ಅವಸರದಿಂದ ಹೌದೆನ್ನಬೇಡಿರಿ. ಉತ್ತರಕಾಂಡ ಆನಂತರ ಸೇರಿದ ಭಾಗವೆಂದು ವಾದಿಸುವ ವಿದ್ವಾಂಸರು ಬಹುಮಂದಿ. ನಮ್ಮ ಕುಮಾರವಾಲ್ಮೀಕಿಯ ‘ತೊರವೆ ರಾಮಾಯಣ’ ಯುದ್ಧಕಾಂಡದೊಡನೆ ಮುಗಿಯುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೂಡ ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ. ಆದರೆ ಅಲ್ಲಿ ಒಂದು ವಿಶೇಷವಿದೆ: ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಮುಂದಿನ ಅನ್ಯಾಯವನ್ನು ಹೇಳದೆ ಬಿಟ್ಟ ಕವಿ, ಪರೀಕ್ಷೆಯ ಅನ್ಯಾಯವನ್ನು ಮಾತ್ರ ಹಾಗೆಯೇ ಬಿಡಲಿಲ್ಲ. ಮುಕ್ತಾಯವನ್ನು ಬದಲಿಸುವ ಹಕ್ಕು ಕವಿಗಿದೆ. ಆ ಬದಲಾವಣೆಯ ಹೊಣೆಯನ್ನು ಕುವೆಂಪು ಹೊತ್ತರು.

ಇನ್ನೊಂದೆಡೆ ಲಕ್ಷ್ಮೀಶ. ‘ಜೈಮಿನಿ ಭಾರತ’ದ ವಸ್ತು ಧರ್ಮರಾಯನ ಅಶ್ವಮೇಧ. ಅರ್ಜುನ ಬಭ್ರುವಾಹನರೆಂಬ ತಂದೆಮಕ್ಕಳ ಕಾಳಗ ಬಂದಾಗ, ಅದಕ್ಕೆ ಹಿಂದಿನ ನಿದರ್ಶನವಾಗಿ ಕುಶಲವರ ಕಥೆ ಒಳಸೇರುತ್ತದೆ. ಆ ನೆಪದಲ್ಲಿ ಬಂದ ಸೀತಾಪರಿತ್ಯಾಗವೇ ಕಾವ್ಯದ ಅತ್ಯಂತ ಪ್ರಸಿದ್ಧ ಭಾಗಗಳಲ್ಲಿ ಒಂದಾಯಿತು. ತೊರವೆಯ ಕವಿ ಬಿಟ್ಟದ್ದನ್ನು ಭಾರತದ ಕಥೆ ಹೇಳಹೊರಟ ಕವಿ ಹೇಳಿದ. ಮುದ್ದಣನ ‘ಶ್ರೀರಾಮಾಶ್ವಮೇಧಂ’ ಕೂಡ ಪಟ್ಟಾಭಿಷೇಕದ ಆಚೆಗಿನ ಕಥೆಯನ್ನೇ ಹಿಡಿಯಿತು.

ಮರಾಠಿಯ ಒಂದು ನಿದರ್ಶನವನ್ನೂ ಸೇರಿಸುತ್ತೇನೆ. ಎರಡು ಭಾಷೆಗಳ ಶಾಲೆಯಲ್ಲಿ ಕಲಿತವನಿಗೆ ಅದು ಮರೆಯುವಂಥದ್ದಲ್ಲ. ಗ. ದಿ. ಮಾಡಗೂಳಕರರು ರಚಿಸಿ ಸುಧೀರ ಫಡಕೆಯವರು ಸ್ವರಸಂಯೋಜಿಸಿದ ‘ಗೀತರಾಮಾಯಣ’ 1955–56ರಲ್ಲಿ ಪುಣೆ ಆಕಾಶವಾಣಿಯಿಂದ ಪ್ರಸಾರವಾಯಿತು. ಅದರ 56 ಹಾಡುಗಳಲ್ಲಿ ಮೊದಲನೆಯದರಲ್ಲೇ ಕುಶಲವರು ರಾಮನ ಎದುರು ನಿಂತು ಅವನ ಕಥೆಯನ್ನು ಹಾಡತೊಡಗುತ್ತಾರೆ. ಹೀಗೆ ಮೊದಲೇ ಮಕ್ಕಳನ್ನು ಕಂಡ ಕೇಳುಗನಿಗೆ ಸ್ವಯಂವರದ ಹಾಡಿನಲ್ಲೂ ಮುಂದಿನ ಅಗಲಿಕೆಯ ಅರಿವಿರುತ್ತದೆ. ಕೊನೆಯನ್ನು ಮೊದಲಿಗೇ ತಂದಿರಿಸಿ ಕರುಣವನ್ನು ಉದ್ದಕ್ಕೂ ಉಳಿಸಿಕೊಂಡ ಈ ಜಾಣ್ಮೆ ಬಾಲಕಾಂಡದಲ್ಲಿ ವಾಲ್ಮೀಕಿಯೇ ತೋರಿದ ದಾರಿ.

ಮರುಮೌಲ್ಯಮಾಪನ

ಈಗ ನನ್ನ ಹಳೆಯ ತೀರ್ಮಾನವನ್ನು ತಿದ್ದಿಕೊಳ್ಳುತ್ತೇನೆ. ಆ ಚಿತ್ರ ಆಟಿಕೆಯಲ್ಲ. ವೀರವನ್ನು ಅಂಗಿಯಾಗಿ ಆರಿಸಿಕೊಂಡು ಅದನ್ನು ಶ್ರದ್ಧೆಯಿಂದ ನಿರ್ವಹಿಸಿದ ಕೃತಿ. ಉತ್ತರಕಾಂಡವಿಲ್ಲದಿರುವುದು ಅದರ ದೋಷವಲ್ಲ, ಅದರ ಆಯ್ಕೆ. ಆದರೆ ಆಯ್ಕೆಗೆ ಬೆಲೆಯುಂಟು. ಸೀತೆ ಅಲ್ಲಿ ಮರಳಿ ಪಡೆಯಬೇಕಾದವಳಾಗಿ ಉಳಿಯುತ್ತಾಳೆ. ತಾನೇ ಮಕ್ಕಳನ್ನು ಸಾಕಿ, ಕೊನೆಗೆ ತಾನೇ ನಿರ್ಧರಿಸಿ ಹೊರಟುಹೋಗುವ ಸೀತೆ ಅಲ್ಲಿಲ್ಲ. ಆ ಸೀತೆಯನ್ನು ವಯನಾಡಿನ ಜನ ತಮ್ಮ ಗುಡ್ಡ, ಬನ, ಜಿಗಣೆಗಳ ಕಥೆಗಳಲ್ಲಿ ಕಾಪಾಡಿಕೊಂಡಿದ್ದಾರೆ. ಪರದೆಯ ರಾಮಾಯಣವೊಂದನ್ನೇ ಬಲ್ಲ ಮಗುವಿಗೆ ಆ ಅಜ್ಜಿಯ ಪ್ರಶ್ನೆ ಹೊಳೆಯಲಾರದು. ‘ನಮ್ಮ ರಾಮ ಯಾರು’ ಎಂದು ಅಂದು ಕೇಳಿದ ವಿದ್ಯಾರ್ಥಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೆ: ರಾಮಕಥೆಯನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ.

ಅಭ್ಯಾಸಕ್ಕೆ

1. ‘ತೊರವೆ ರಾಮಾಯಣ’ ಮತ್ತು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯಗಳ ಮುಕ್ತಾಯಗಳನ್ನು ಹೋಲಿಸಿ, ಪ್ರತಿಯೊಂದರ ಅಂಗಿರಸವನ್ನು ಕಾರಣಸಹಿತ ನಿರ್ಣಯಿಸಿರಿ.

2. ನೀವು ಮೆಚ್ಚಿದ ಯಾವುದಾದರೂ ಸರಣಿಯನ್ನು ಎರಡನೆಯ ಸಲ ನೋಡಿ, ಅದರ ಮುಕ್ತಾಯವನ್ನು ಒಂದು ಘಟ್ಟ ಮೊದಲು ಇಲ್ಲವೆ ಒಂದು ಘಟ್ಟ ಆನಂತರ ಇರಿಸಿದರೆ ರಸ ಹೇಗೆ ಬದಲಾಗುವುದೆಂದು ಎರಡು ಪುಟಗಳಲ್ಲಿ ಬರೆಯಿರಿ.

3. ನಿಮ್ಮ ಊರಿನ ಸುತ್ತ ರಾಮಾಯಣಕ್ಕೆ ಸೇರಿದ ಸ್ಥಳಕಥೆಗಳಿದ್ದರೆ ಮನೆಯ ಹಿರಿಯರಿಂದ ಕೇಳಿ, ಅವರ ಮಾತಿನಲ್ಲಿಯೇ ದಾಖಲಿಸಿರಿ.